ಕಾಂಪೌಂಡಿನಾಚೆ ಬಿದ್ದ ಚೆಂಡು

ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಗೊತ್ತಿರುವ ಸಂಕಟವೊಂದಿದೆ: ಸಿಕ್ಸರ್ ಎತ್ತಿದ ಚೆಂಡು ಹೋಗಿ ಹೋಗಿ ಬೀದಿಯ ಜಗಳಗಂಟನ ಕಾಂಪೌಂಡಿನೊಳಗೇ ಬೀಳುವುದು. 2011ರ ಡಿಸೆಂಬರಿನಲ್ಲಿ ಅಮೆರಿಕಕ್ಕೂ ಹಾಗೇ ಆಯಿತು. ರಾಡಾರಿನ ಕಣ್ಣಿಗೆ ಬೀಳಬಾರದೆಂದೇ ಮಾಡಿದ ಆರ್‌ಕ್ಯೂ-170 ಡ್ರೋನು ಇರಾನಿನ ಅಂಗಳಕ್ಕೇ ಬಿತ್ತು. ಅಧ್ಯಕ್ಷ ಒಬಾಮ ‘ಅಂಕಲ್, ಬಾಲ್ ಕೊಡ್ತೀರಾ?’ ಎಂಬ ಧಾಟಿಯಲ್ಲಿ ಬಹಿರಂಗವಾಗಿಯೇ ಕೇಳಿದರು. ಅಂಕಲ್ ಕೊಡಲಿಲ್ಲ. ಅಲ್ಲಿನ ಆಟಿಕೆ ತಯಾರಕರು ಮಾತ್ರ ಗುಲಾಬಿ ಬಣ್ಣದ ಪುಟ್ಟ ಡ್ರೋನೊಂದನ್ನು ಒಬಾಮರಿಗೆ ಕಳಿಸುವುದಾಗಿ ಹೇಳುವ ಉದಾರತೆ ತೋರಿದರು.

ಟಿ.ವಿ.ಯಲ್ಲಿ ಪ್ರದರ್ಶನಕ್ಕಿಟ್ಟಾಗ ಡ್ರೋನಿನ ಕೆಳಭಾಗಕ್ಕೆ ಘೋಷಣೆಯ ಬಟ್ಟೆ ಇಳಿಬಿಟ್ಟು ತೇರಿನಂತೆ ಸಿಂಗರಿಸಿದ್ದರು. ಗಾಲಿ ಮುರಿದಿದೆಯೋ ಏನೋ ಎಂದು ತಜ್ಞರು ಇಣುಕಿದ್ದೇ ಇಣುಕಿದ್ದು.

ಮುಂದಿನದಕ್ಕೆ ರಿವರ್ಸ್ ಎಂಜಿನಿಯರಿಂಗ್ ಎಂದು ಹೆಸರು. ಪರೀಕ್ಷೆಯಲ್ಲಿ ಹುಡುಗರು ಮಾಡಿದರೆ ಕಾಪಿ, ಡಿಬಾರ್. ಸೇನೆ ಮಾಡಿದರೆ ಸ್ವಾವಲಂಬನೆ, ಪದಕ. 2014ರಲ್ಲಿ ಇರಾನು ತನ್ನ ನಕಲನ್ನು ಅಸಲಿಯ ಪಕ್ಕದಲ್ಲೇ ನಿಲ್ಲಿಸಿ ತೋರಿಸಿತು. 2018ರಲ್ಲಿ ಅದೇ ವಂಶದ್ದೆನ್ನಲಾದ ಡ್ರೋನೊಂದು ಇಸ್ರೇಲಿಗೆ ನುಗ್ಗಿದಾಗ ಹೊಡೆದುರುಳಿಸಿದ್ದು ಅಮೆರಿಕದಲ್ಲೇ ಹುಟ್ಟಿದ ಅಪಾಚೆ ಹೆಲಿಕಾಪ್ಟರು. ಪಾಪ, ದಾಯಾದಿಯ ಗುರುತು ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಬಂತು ಇರಾನಿನದೇ ಆತ್ಮಾಹುತಿ ಡ್ರೋನು, ಶಾಹೆದ್-136. ಎಂಜಿನ್ನು ಜರ್ಮನಿಯ ಲಿಂಬಾಕ್ ಎಂಜಿನ್ನಿನ ನಕಲು. ರಷ್ಯಾ ಅದನ್ನು ತರಿಸಿಕೊಂಡು, ‘ಗೆರಾನ್-2’ ಎಂದು ಮರುನಾಮಕರಣ ಮಾಡಿ, 2022ರಿಂದ ಉಕ್ರೇನಿನ ಮೇಲೆ ಸುರಿಸುತ್ತಿದೆ; ಆಮೇಲೆ ತಾನೇ ಕಾರ್ಖಾನೆಯನ್ನೂ ತೆರೆಯಿತು. ಅದರ ಗುರ್‌ಗುರ್ ಸದ್ದಿಗೆ ಅಲ್ಲಿನವರು ಇಟ್ಟ ಅಡ್ಡಹೆಸರು ‘ಮೊಪೆಡ್’. ನಮ್ಮ ಲೂನಾ ಎಂದುಕೊಳ್ಳಿ; ಕ್ಯಾರಿಯರ್‌ನಲ್ಲಿ ಹಾಲಿನ ಕ್ಯಾನ್ ಬದಲು ಸುಮಾರು 50 ಕಿಲೊ ಸಿಡಿತಲೆ.

ಆಟದ ಸೊಗಸು ಇರುವುದು ಕೊನೆಯ ಓವರಿನಲ್ಲಿ. 2025ರಲ್ಲಿ ಅಮೆರಿಕ, ಶಾಹೆದ್ ಒಂದನ್ನು ಬಿಚ್ಚಿ, ಅಳೆದು, ಸುರಿದು ಮಾಡಿದ ‘ಲೂಕಾಸ್’ ಡ್ರೋನನ್ನು ಹೊರತೆಗೆಯಿತು. ಒಂದಕ್ಕೆ ಸುಮಾರು 35,000 ಡಾಲರು, ಅವರ ಲೆಕ್ಕಕ್ಕೆ ಚಿಲ್ಲರೆ ಕಾಸು. ಅದೇ ಡಿಸೆಂಬರಿನಲ್ಲಿ, ಚೆಂಡು ಕಳೆದ ಹದಿನಾಲ್ಕನೆಯ ವರ್ಷಕ್ಕೆ ಸರಿಯಾಗಿ, ಅದನ್ನು ಇರಾನಿನ ನೆರೆಯಲ್ಲೇ ತಂದಿಟ್ಟಿತು. ಕ್ಲಾಸಿಗೇ ಫಸ್ಟ್ ಬರುವ ಹುಡುಗ ಈಗ ಕೊನೆ ಬೆಂಚಿನವನ ಉತ್ತರಪತ್ರಿಕೆಗೆ ಕತ್ತು ಚಾಚಿದ್ದಾನೆ. ಯಾರು ಯಾರ ಮೇಲೆ ಕೇಸು ಹಾಕಬೇಕು?

ಕೀವಿನಲ್ಲಿ ನಡುರಾತ್ರಿ ಲೂನಾ ಸದ್ದು ಹತ್ತಿರವಾದಾಗ, ಮಗುವನ್ನೆತ್ತಿಕೊಂಡು ಮೆಟ್ರೊ ನಿಲ್ದಾಣಕ್ಕಿಳಿಯುವ ತಾಯಿ ಈ ಪ್ರಶ್ನೆ ಕೇಳುವುದಿಲ್ಲ. ಚೆಂಡು ಯಾರದೆಂಬ ಜಗಳ ಎರಡು ಮನೆಗಳದು. ಒಡೆದ ಕಿಟಕಿ ಮೂರನೆಯ ಮನೆಯದು.