ಕರಿಬೇವಿನ ಸಾಕುತಾಯಿ

ಬೆಂಗಳೂರಿನಲ್ಲಿ ಈಗಲೂ ಪುಕ್ಕಟೆ ಸಿಗುವ ಪದಾರ್ಥಗಳು ಎರಡು: ಸಲಹೆ ಮತ್ತು ಕರಿಬೇವು. ಎರಡನ್ನೂ ನಾವು ಕೇಳುವ ಮೊದಲೇ ಚೀಲಕ್ಕೆ ತುರುಕುತ್ತಾರೆ. ಸೂಪರ್‌ಮಾರ್ಕೆಟ್ಟಿನವರು ಕರಿಬೇವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ ಬೆಲೆಚೀಟಿ ಅಂಟಿಸಿರಬಹುದು. ನಮ್ಮ ಬೀದಿಯ ತಳ್ಳುಗಾಡಿಯವನು ಮಾತ್ರ ಅರ್ಧ ಕೆಜಿ ಬೀನ್ಸ್ ತಗೊಂಡರೆ ಎರಡು ಎಸಳು ಕರಿಬೇವನ್ನು ಕೊಸರಿಗೆ ಹಾಕಿಯೇ ಹಾಕುತ್ತಾನೆ. ಇಂಥ ಬಿಟ್ಟಿ ಸೊಪ್ಪನ್ನು ಮನೆಯಲ್ಲೇ ಬೆಳೆಯುತ್ತೇನೆಂದು ಹೊರಟು, ಕುಂಡ, ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟು, ಬೇವಿನ ಹಿಂಡಿ, ಸ್ಪ್ರೇ ಬಾಟಲಿ ಎಂದು ನಾನು ಸುರಿದ ದುಡ್ಡಿನ ಲೆಕ್ಕವನ್ನು ನಮ್ಮನೆಯವರು ಮೊಬೈಲಿನಲ್ಲಿ ಬರೆದಿಟ್ಟಿದ್ದಾರೆ. ಅವರದು ಆಡಿಟ್ ಕೆಲಸ. ಊರಿನವರ ಲೆಕ್ಕ ಮುಗಿದ ಮೇಲೆ ಮನೆಯವರದ್ದು. ಅವರ ಪ್ರಕಾರ ನಮ್ಮ ಸಾರಿನಲ್ಲಿ ತೇಲುವ ಒಂದೊಂದು ಎಲೆಯೂ ಏಲಕ್ಕಿಗಿಂತ ತುಟ್ಟಿ. ಅಷ್ಟು ತುಟ್ಟಿಯ ಎಲೆಗಳನ್ನು ಅವರೇ ಊಟಕ್ಕೆ ಕೂತಾಗ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಡುತ್ತಾರೆ. ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ನನ್ನ ತವರು ಅರಸೀಕೆರೆ ಕಡೆಯ ಹಳ್ಳಿ. ಅಲ್ಲಿ ಕರಿಬೇವನ್ನು ಯಾರೂ ಬೆಳೆಸಿದವರಲ್ಲ, ಅದೇ ಬೆಳೆದದ್ದು. ಬಚ್ಚಲ ಹಿಂದೆ, ಪಿಕಳಾರ ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿದ ಜಾಗದಲ್ಲಿ ಎದ್ದು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಕುಡಿದು, ಹೆಂಚಿನವರೆಗೆ ಏರಿತ್ತು. ಎಮ್ಮೆ ಮೈ ಉಜ್ಜಿಕೊಳ್ಳುತ್ತಿತ್ತು, ಮಕ್ಕಳು ಜೋತು ಬೀಳುತ್ತಿದ್ದೆವು, ಅಮ್ಮ ಒಗ್ಗರಣೆ ಸೌಟು ಒಲೆಯ ಮೇಲಿಟ್ಟೇ ಓಡಿ ಬಂದು ಸರ್ರೆಂದು ಎಸಳು ಸೆಳೆದುಕೊಂಡು ಹೋಗುತ್ತಿದ್ದಳು. ಆ ಗಿಡಕ್ಕೆ ‘ಆರೈಕೆ’ ಎಂದು ಯಾರಾದರೂ ಅಂದಿದ್ದರೆ, ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದರು.

ಆ ಧೈರ್ಯದ ಮೇಲೆಯೇ ನಾನು ನರ್ಸರಿಗೆ ಹೋದದ್ದು. ಸೊಂಪಾದ ಗಿಡವೊಂದನ್ನು ತಂದೆ. ಆಹಾ, ಏನು ಬೆಳವಣಿಗೆ! ಕಡು ಹಸಿರು ಎಲೆ, ಫಳಫಳ ಹೊಳಪು. ಕೆಲವೇ ತಿಂಗಳಲ್ಲಿ ಬಿಳಿ ಹೂ ಬಿಟ್ಟು ಬಾಲ್ಕನಿ ಘಮ್ಮೆಂದಿತು. ಬಂದ ನೆಂಟರನ್ನೆಲ್ಲ ಕರೆದು ತೋರಿಸಿದೆ. ಕೊನೆಗೊಂದು ದಿನ ಮಂಡಕ್ಕಿ ಒಗ್ಗರಣೆಗೆ ಮೊದಲ ಎಲೆ ಬಿತ್ತು. ಚಟಪಟ ಎಂದಿತು, ಘಮ ಮಾತ್ರ ಏಳಲಿಲ್ಲ. ಅತ್ತೆ ಒಂದು ಎಲೆ ಕಿತ್ತು, ಉಜ್ಜಿ, ಮೂಗಿನ ಹತ್ತಿರ ಹಿಡಿದು, “ಇದು ಕಾಡು ಕರಿಬೇವು ಕಣೇ. ಪಾರ್ಕಿನ ಬೇಲಿಗೆ ಹಾಕ್ತಾರಲ್ಲ, ಅದು” ಎಂದರು. ನಿಜ. ಎರಡೂ ನಿಂಬೆ, ಕಿತ್ತಳೆಗಳ ವಂಶದವೇ, ದೂರದಿಂದ ನೋಡಿದರೆ ಅಕ್ಕತಂಗಿಯರು. ಎಲೆ ಉಜ್ಜಿ ಮೂಸಿದ ಮೇಲೆಯೇ ಅಡುಗೆಮನೆಯವಳು ಯಾರು, ಅಲಂಕಾರಕ್ಕಿರುವವಳು ಯಾರು ಎಂದು ಗೊತ್ತಾಗುವುದು. ಹೂ ಮೂಸಿ ಗಿಡ ಮೆಚ್ಚಿದ ನನಗೆ ಎಲೆ ಮೂಸುವುದು ಹೊಳೆದಿರಲಿಲ್ಲ.

ಆಮೇಲೆ ಬೀಜದ ಅಧ್ಯಾಯ. ತವರಿನಿಂದ ಕಪ್ಪಗೆ ಮಾಗಿದ ಹಣ್ಣು ತಂದು, ಪೇಪರಿನಲ್ಲಿ ಸುತ್ತಿ, ಒಳ್ಳೇ ದಿನ ನೋಡಿ ಬಿತ್ತೋಣವೆಂದು ಸಾಂಬಾರ ಡಬ್ಬಿಗಳ ಹಿಂದೆ ಇಟ್ಟೆ. ಒಳ್ಳೇ ದಿನ ಬರುವಷ್ಟರಲ್ಲಿ ಯುಗಾದಿ ಕಳೆದಿತ್ತು. ಕರಿಬೇವಿನ ಬೀಜ ರಾಗಿಯಂತೆ ಕಣಜದಲ್ಲಿಡುವ ಸರಕಲ್ಲ. ಹಣ್ಣಿನ ತಿರುಳು ತೆಗೆದು ಹಸಿಯಾಗಿರುವಾಗಲೇ ಮಣ್ಣಿಗೆ ಹಾಕಬೇಕು, ಒಣಗಿ ಕೆಲವು ವಾರ ಕಳೆದರೆ ಜೀವ ಹೋಯಿತೆಂದೇ ಲೆಕ್ಕ. ನಾನು ಬಿತ್ತಿದ್ದು ಬೀಜವಲ್ಲ, ಅದರ ಅಸ್ಥಿ.

“ಬೀಜ ಗೀಜ ಯಾಕೆ? ಬುಡದಲ್ಲಿ ಬೇರಿನಿಂದ ಮರಿ ಎದ್ದಿರತ್ತೆ, ಅದನ್ನ ತಾ. ಆದ್ರೆ ಕೇಳಿ ತಂದದ್ದು ಹತ್ತಲ್ಲ, ಕದ್ದು ತರಬೇಕು” ಅಂದರು ಅತ್ತೆ. ಹೆತ್ತಮ್ಮನ ಹಿತ್ತಿಲಲ್ಲಿ ಕಳ್ಳತನ! ಅಮ್ಮನಿಗೆ ವಿಷಯ ಹೇಳಿದರೆ ಅವಳೇ ಗುದ್ದಲಿ ತಂದುಕೊಟ್ಟು, “ನಾನು ನೋಡಲಿಲ್ಲಪ್ಪ” ಎಂದು ಬಾವಿಕಟ್ಟೆಯ ಕಡೆ ಮುಖ ತಿರುಗಿಸಿ ನಿಂತಳು. ನೋಡದೇ ಇದ್ದವಳು ಮಾತ್ರ, “ಎಡಗಡೆ ಅಗಿಯೇ, ತಾಯಿಬೇರಿಗೆ ಪೆಟ್ಟು ಹಾಕೀಯಾ! ಮಣ್ಣು ಕೊಡವಬೇಡ!” ಎಂದು ಕೂಗುತ್ತಲೇ ಇದ್ದಳು. ಕದ್ದ ಮಾಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ದಾರಿಖರ್ಚಿಗೆ ಚಕ್ಕುಲಿಯನ್ನೂ ಕಟ್ಟಿಕೊಟ್ಟಳು.

ಹತ್ತಿತು. ಅಲ್ಲಿಂದ ನನ್ನ ಸೇವೆ ಶುರು.

ಡಿಸೆಂಬರ್ ಬಂತು, ಗಿಡ ಬೆಳೆಯುವುದನ್ನೇ ನಿಲ್ಲಿಸಿತು. ಒಂದು ಚಿಗುರಿಲ್ಲ, ಇದ್ದ ಎಲೆಗಳೂ ಹಳದಿಯಾಗಿ ಉದುರಿದವು. ನಾನು ದಿನಾ ಎದ್ದು ಮುಖ ತೊಳೆಯುವ ಮೊದಲು ಅದರ ನೆತ್ತಿ ಮುಟ್ಟಿ ನೋಡುವುದು, ನಿಟ್ಟುಸಿರು ಬಿಡುವುದು. ನಮ್ಮನೆಯವರು ಮೊಬೈಲಿನಿಂದ ಓದಿ ಹೇಳಿದರು: ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ಎಂಬ ಕರಿಬೇವಿನ ತಳಿಗಳನ್ನು ಕೊಟ್ಟಿದ್ದಾರಂತೆ, ಒಂದನೆಯದು ಚಳಿಗೆ ಮುದುಡುತ್ತದಂತೆ, ಎರಡನೆಯದು ಅಷ್ಟಾಗಿ ಇಲ್ಲವಂತೆ. “ನಿನ್ನ ತವರಿನದು ಯಾವ ನಂಬರು?” ತವರಿನ ಗಿಡಕ್ಕೆ ನಂಬರ್ ಕೇಳಿದ್ದು ನನಗೆ ಮದುವೆಯಲ್ಲಿ ಜಾತಕ ಕೇಳಿದ್ದಕ್ಕಿಂತ ಹೆಚ್ಚು ಉರಿಯಿತು. ಅತ್ತೆ ಮಾತ್ರ ಶಾಲು ಹೊದ್ದುಕೊಳ್ಳುತ್ತಾ, “ಅದಕ್ಕೂ ಚಳಿ ಆಗತ್ತೆ. ಶಿವರಾತ್ರಿ ಕಳೀಲಿ, ಸುಮ್ನಿರು” ಅಂದರು. ಸುಮ್ಮನಿರುವುದೊಂದು ನನ್ನ ಕೈಲಾಗದ ಕೆಲಸ. ನಿದ್ದೆ ಮಾಡುವ ಗಿಡಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆಂದು ಗೊತ್ತಿದ್ದೂ ಕೈ ಚೊಂಬಿನ ಕಡೆಗೇ ಹೋಗುತ್ತಿತ್ತು.

ಬೇಸಿಗೆಯಲ್ಲಿ ಚಿಗುರು ಬಂತು, ಬಂದ ಚಿಗುರು ಬೆಳ್ಳಗೆ, ನರ ಮಾತ್ರ ಹಸಿರು. ಸಲಹೆಯ ಸಂತೆ ನೆರೆಯಿತು. ಕೆಲಸದವಳು, “ಹುಳಿ ಮಜ್ಜಿಗೆ ಹುಯ್ಯಿ ಅಕ್ಕಾ.” ಕಾರ್ ತೊಳೆಯುವವನು, “ತುಕ್ಕು ಹಿಡಿದ ಮೊಳೆ ಹೂಳಿ ಮೇಡಂ.” ಮಹಡಿ ಮನೆ ಆಂಟಿ, “ಅಕ್ಕಿ ತೊಳೆದ ನೀರಿಗಿಂತ ಬೇರೆ ಅಮೃತ ಇಲ್ಲಮ್ಮ.” ನಾನು ಯಾರ ಮನಸ್ಸನ್ನೂ ನೋಯಿಸುವವಳಲ್ಲ; ಮೂರನ್ನೂ ಮಾಡಿದೆ. ಕುಂಡದೊಳಗೆ ಮಜ್ಜಿಗೆ, ಮೊಳೆ, ಅಕ್ಕಿಗಚ್ಚು ಸೇರಿ ಹುಟ್ಟಿದ ವಾಸನೆಗೆ ಎದುರು ಮನೆಯವರು ಚರಂಡಿ ಕಟ್ಟಿಕೊಂಡಿದೆಯೇನೋ ಎಂದು ದೂರು ಕೊಟ್ಟರು. ಅಸಲಿಗೆ ಮೂವರ ಮಾತಿನಲ್ಲೂ ಒಂದಿಷ್ಟು ಹುರುಳಿತ್ತು. ನಾವು ಹಾಕುತ್ತಿದ್ದದ್ದು ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣದ ಅಂಶ ಮಣ್ಣಿಗೆ ಕೂತರೆ, ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಮಜ್ಜಿಗೆಯ ಹುಳಿ ಅದನ್ನು ಒಂದಿಷ್ಟು ಬಿಡಿಸಿಕೊಡುತ್ತದೆ, ತೆಳ್ಳಗೆ ನೀರು ಬೆರೆಸಿ ಅಪರೂಪಕ್ಕೊಮ್ಮೆ ಹಾಕಿದರೆ. ನಾನು ಮೊಸರನ್ನಕ್ಕೆ ಕಲಸುವ ಹದದಲ್ಲಿ ಹಾಕುತ್ತಿದ್ದೆ. ಕೊನೆಗೆ ಗುಣ ಮಾಡಿದ್ದು ಮಳೆ. ಜೂನ್ ತಿಂಗಳ ಬಿಟ್ಟಿ ನೀರು ಬಿದ್ದದ್ದೇ ಗಿಡ ಹಸಿರಾಯಿತು. ಶ್ರೇಯಸ್ಸನ್ನು ಮೂರೂ ಪಕ್ಷದವರು ಹಂಚಿಕೊಂಡರು.

ಇನ್ನು ನನ್ನ ನಿಜವಾದ ಕಾಯಿಲೆಗೆ ಬರೋಣ. ಗಿಡವೇನೋ ಬಂತು, ನನಗೆ ಎಲೆ ಕೀಳಲು ಮನಸ್ಸೇ ಬರಲಿಲ್ಲ. ಅಷ್ಟು ಕಷ್ಟಪಟ್ಟು ಬಿಟ್ಟ ಎಲೆಯನ್ನು ಕುದಿಯುವ ಎಣ್ಣೆಗೆ ಹಾಕುವುದೆಂದರೇನು! ತಳ್ಳುಗಾಡಿಯವನ ಕೊಸರು ಸಾಲದಾದಾಗ ಹತ್ತು ರೂಪಾಯಿ ಕೊಟ್ಟು ಕಟ್ಟು ತರುತ್ತಿದ್ದೆ. ಒಮ್ಮೊಮ್ಮೆ ಅದನ್ನು ಸೆರಗಿನೊಳಗೆ ಮುಚ್ಚಿ ಒಳಗೆ ತರಬೇಕಾಗುತ್ತಿತ್ತು, ಅತ್ತೆಗೆ ಕಾಣದಂತಲ್ಲ, ಗಿಡಕ್ಕೆ ಕಾಣದಂತೆ. ಅತ್ತೆ ಕಂಡೇ ಬಿಟ್ಟರು. “ಮನೇಲಿ ಹಸು ಕಟ್ಕೊಂಡು ಪ್ಯಾಕೆಟ್ ಹಾಲು ತಂದಂಗಾಯ್ತು” ಎಂದರು. ನಮ್ಮನೆಯವರು ಮೊಬೈಲ್ ತೆಗೆದು ಆ ಹತ್ತು ರೂಪಾಯಿಯನ್ನೂ ಗಿಡದ ಖಾತೆಗೇ ಬರೆದರು.

ಬಾಲ್ಕನಿಯ ಬಿಸಿಲು ಸಾಲದೆಂದು ಕುಂಡವನ್ನು ತಾರಸಿಗೆ ಸಾಗಿಸಿದ ಮೇಲೆ ಕೀಳುವ ಕೆಲಸ ಬೇರೆಯವರ ಪಾಲಾಯಿತು. ಅಲ್ಲಿಗೆ ಇಡೀ ಕಟ್ಟಡದವರು ಬಟ್ಟೆ ಒಣಹಾಕಲು ಬರುತ್ತಾರೆ. ಬಂದವರು ಬರಿಗೈಯಲ್ಲಿ ಇಳಿಯುವುದಿಲ್ಲ. ಮಹಡಿ ಆಂಟಿಯಂತೂ ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸಲು, ಕೂದಲು ಕಪ್ಪಾಗಲಿ ಎಂದು, ಎಸಳಲ್ಲ, ಟೊಂಗೆಯನ್ನೇ ಮುರಿದರು. “ನಿಮ್ಮ ಗಿಡದಲ್ಲಿ ಚೂರು ತಗೊಂಡೆ ಕಣಮ್ಮಾ” ಎಂದಾಗ ಅವರ ಮಡಿಲು ತುಂಬಿತ್ತು. ನಾನು ನಕ್ಕು, ಒಳಗೆ ಬಂದು, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಜೋಡಿಸಿದೆ. ಮುರಿದ ಜಾಗದ ಕೆಳಗಿನಿಂದ ಎರಡು ಮೂರು ಕವಲು ಒಡೆದು ಗಿಡ ಪೊದೆಯಾಗತೊಡಗಿದಾಗ ಮಾತ್ರ ನನಗೆ ಸಂಕಟವಾಯಿತು. ತುದಿ ಚಿವುಟದಿದ್ದರೆ ಕರಿಬೇವು ಒಂಟಿ ಕೋಲಾಗಿ ಮೇಲಕ್ಕೇ ಏರುತ್ತದೆ. ತುದಿ ಹೋದರೆ ಪಕ್ಕದ ಕಣ್ಣುಗಳೆಲ್ಲ ಎಚ್ಚರಗೊಳ್ಳುತ್ತವೆ. ಅಂದರೆ ನನ್ನ ಪ್ರೀತಿಯಿಂದ ಸೊರಗಿದ್ದ ಗಿಡ ಆಂಟಿಯ ದರೋಡೆಯಿಂದ ಚೇತರಿಸಿಕೊಂಡಿತ್ತು. ಅವರ ಕೂದಲು? ಬಣ್ಣ ಹಚ್ಚುವುದನ್ನು ನಿಲ್ಲಿಸಿದಂತೆ ಕಾಣಲಿಲ್ಲ.

ಈ ಗೋಳನ್ನು ಕ್ಯಾಲಿಫೋರ್ನಿಯಾದ ನಾದಿನಿಗೆ ವಿಡಿಯೋ ಕಾಲಿನಲ್ಲಿ ತೋಡಿಕೊಂಡರೆ ಅವಳು ಕ್ಯಾಮೆರಾವನ್ನು ತನ್ನ ಹಿತ್ತಿಲಿಗೆ ತಿರುಗಿಸಿದಳು. ಅಲ್ಲೊಂದು ಕರಿಬೇವು ರಗ್ಗು ಹೊದ್ದು ನಿಂತಿತ್ತು. ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದಂತೆ. “ಅತ್ತಿಗೆ, ಇದು ಸತ್ತರೆ ಇನ್ನೊಂದು ತರಿಸೋದು ಸುಲಭ ಅಲ್ಲ” ಎಂದಳು. ನಿಂಬೆ ಕುಲದ ಚಿಗುರುಗಳ ಮೇಲೆ ಬಾಲ ಎತ್ತಿ ಕೂರುವ, ಸಾಸಿವೆಗಿಂತ ಕೊಂಚ ದೊಡ್ಡ ಜಿಗಿಹುಳವೊಂದಿದೆ. ಅದು ಹರಡುವ ರೋಗ 2005ರಲ್ಲಿ ಫ್ಲೋರಿಡಾಕ್ಕೆ ಬಂದು ಕಿತ್ತಳೆ ತೋಟಗಳನ್ನು ನೆಲ ಕಚ್ಚಿಸಿತು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕಾಣಿಸಿಕೊಂಡಿತು. ಆ ಹುಳಕ್ಕೆ ಕರಿಬೇವೆಂದರೆ ಪ್ರಾಣವಾದ್ದರಿಂದ ಗಿಡದ ಸಾಗಾಟಕ್ಕೆಲ್ಲ ಕಟ್ಟುಪಾಡು. ಊರಿಂದ ಹೋಗುವಾಗ ಅತ್ತೆ ಅವಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನಪುಡಿಗಳ ನಡುವೆ ಹಸಿ ಕರಿಬೇವಿನ ಪೊಟ್ಟಣವನ್ನೂ ಇಡಲು ಹೋಗಿ, ಅವಳು ಹೌಹಾರಿ ಕಿತ್ತುಹಾಕಿದ್ದು ನನಗೆ ನೆನಪಿದೆ. ನಮ್ಮ ತಳ್ಳುಗಾಡಿಯವನು ಕೊಸರಿಗೆ ಹಾಕುವ ಸೊಪ್ಪು ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನಿಷಿದ್ಧ ವಸ್ತು ಎಂದು ತಿಳಿದ ದಿನದಿಂದ ಅತ್ತೆ ನನ್ನ ಗಿಡಕ್ಕೆ ಸ್ವಲ್ಪ ಮರ್ಯಾದೆ ಕೊಡುತ್ತಿದ್ದಾರೆ.

ಮಳೆ ನಿಂತ ಮೇಲೆ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಕಾಣಿಸಿಕೊಂಡಿತು. ಪಾರಿವಾಳಗಳಿಗೆ ಶಾಪ ಹಾಕುತ್ತಾ ಒದ್ದೆ ಬಟ್ಟೆ ತಂದು ಒರೆಸಲು ಹೋದರೆ ಒಂದು ಹಿಕ್ಕೆ ತಲೆ ಎತ್ತಿತು. ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲು ಕೊಂಬೊಂದನ್ನು ಚಾಚಿ, ಮೂಗಿಗೆ ಬಡಿಯುವ ಒಂದು ಹುಳಿನಾತ ಬಿಟ್ಟಿತು. ನಾನು ಬಟ್ಟೆ ಎಸೆದು ಕಿರುಚಿದ್ದು ಕೆಳಗಿನ ಮನೆಯವರೆಗೂ ಕೇಳಿತಂತೆ. ಮಗಳು ಓಡಿ ಬಂದಳು. ಆರನೇ ಕ್ಲಾಸಿನವಳು, ಎಲ್ಲ ಗೊತ್ತಿರುವ ವಯಸ್ಸು. “ಅಮ್ಮಾ, ಅದು ನಿಂಬೆ ಚಿಟ್ಟೆ ಮರಿ! ಹಕ್ಕಿ ತಿನ್ನಬಾರದು ಅಂತ ಹಿಕ್ಕೆ ಥರ ವೇಷ ಹಾಕ್ಕೊಂಡಿದೆ. ದೊಡ್ಡದಾದ್ಮೇಲೆ ಹಸಿರಾಗತ್ತೆ. ಬೇವಿನೆಣ್ಣೆ ಮುಟ್ಟೀಯಾ ನೋಡು!” ಚಿಟ್ಟೆಯಮ್ಮ ಮುಂಗಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡಿಯೇ ಮೊಟ್ಟೆ ಇಡುತ್ತಾಳಂತೆ. ನರ್ಸರಿಯಲ್ಲಿ ನಾನು ಮಾಡದ ಕೆಲಸ.

ಅವತ್ತಿನಿಂದ ಸ್ಪ್ರೇ ಬಾಟಲಿ ಮಗಳ ವಶವಾಯಿತು. ಹುಳಗಳು ಎಲೆಯ ಅಂಚಿನಿಂದ ಶುರುಮಾಡಿ, ನಡುನರವನ್ನಷ್ಟೇ ಬಿಟ್ಟು, ಹಗಲೂ ರಾತ್ರಿ ಮೇಯ್ದವು. ನಮ್ಮನೆಯವರು ತಾರಸಿಗೆ ಕುರ್ಚಿ ಒಯ್ದು ಕೂತು ನೋಡುತ್ತಿದ್ದರು. “ನಮ್ಮನೇಲಿ ಕರಿಬೇವನ್ನ ತಟ್ಟೆ ಅಂಚಿಗೆ ಇಡದೇ ತಿನ್ನೋರು ಇವರೇ” ಎಂದು ಮೆಚ್ಚಿಕೊಂಡರು. ಅತ್ತೆ, “ಬಸುರಿ ಹುಡುಗಿ ತವರಿಗೆ ಬಂದ ಹಾಗೆ ಬಂದಿದಾವೆ, ತಿನ್ನಲಿ ಬಿಡು” ಎಂದರು. ಆಡಿಟ್ ಇಲಾಖೆಯೂ ಹಿರಿಯರ ಪೀಠವೂ ಹುಳದ ಪಕ್ಷ. ಗಿಡ ಬೋಳಾಯಿತು. ಹುಳಗಳಿಗಿನ್ನೂ ಹಸಿವು. ಕೋಶ ಕಟ್ಟಲು ಇನ್ನೂ ಕೆಲವು ದಿನ ಬೇಕು ಎಂದು ಮಗಳು ಅಳುಮುಖ ಮಾಡಿದಳು. ಅಂಗಡಿಯ ಕಟ್ಟು ತಂದು ಹಾಕುತ್ತೇನೆಂದರೆ, “ಬೇಡ, ಅದಕ್ಕೆ ಔಷಧಿ ಹೊಡೆದಿರ್ತಾರೆ. ಸತ್ತೇ ಹೋಗತ್ತೆ” ಎಂದು ಅಡ್ಡ ನಿಂತಳು.

ಹೀಗಾಗಿ ಒಂದು ಬೆಳಗ್ಗೆ, ವಾಕಿಂಗಿನವರು ಬರುವ ಮೊದಲು, ಶೂ ಹಾಕಿಕೊಂಡು, ಬಟ್ಟೆಚೀಲವನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು, ಬಡಾವಣೆಯ ಪಾರ್ಕಿನ ಮೂಲೆಯಲ್ಲಿರುವ ಕರಿಬೇವಿನ ಮರದ ಕೆಳಗೆ ನಾನು ನಿಂತಿದ್ದೆ. ಮೊದಲು ಎಲೆ ಉಜ್ಜಿ ಮೂಸಿದೆ. ಅಸಲಿಯೇ. ಆಮೇಲೆ ಹೆದರಿ ಹೆದರಿ ಒಂದೊಂದೇ ಎಲೆ ಕೀಳತೊಡಗಿದೆ. ಹಿಂದಿನಿಂದ ಕೆಮ್ಮು ಕೇಳಿಸಿತು. ವಾಚ್‌ಮನ್.

“ಮೇಡಂ, ಪಾರ್ಕಲ್ಲಿ ಕೀಳಂಗಿಲ್ಲ. ಅಂಗಡೀಲಿ ಹತ್ರೂಪಾಯ್ಗೆ ಕಟ್ಟು ಕೊಡ್ತಾರಲ್ಲ.”

“ಅಡುಗೆಗಲ್ಲಪ್ಪಾ, ಹುಳಕ್ಕೆ. ಅಂಗಡೀದಕ್ಕೆ ಔಷಧಿ ಹೊಡೆದಿರ್ತಾರೆ. ಹುಳ ಸತ್ತೋಗತ್ತೆ.”

ಅವನು ತುಸು ಹೊತ್ತು ನನ್ನನ್ನೂ ಚೀಲವನ್ನೂ ನೋಡಿದ. “ಮತ್ತೆ ನಾವು ಅದನ್ನೇ ತಿಂತೀವಲ್ಲ ಮೇಡಂ?”

ನನ್ನ ಬಳಿ ಉತ್ತರವಿರಲಿಲ್ಲ. ಅವನು ಆಚೀಚೆ ನೋಡಿ, ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಕೊಂಬೆಯನ್ನು ಬಗ್ಗಿಸಿ ಪಟ್ಟನೆ ಮುರಿದ. “ಹಂಗೆ ಒಂದೊಂದೇ ಎಲೆ ಕಿತ್ರೆ ಗಿಡ ಸೊರಗ್ತದೆ. ತುದಿ ಮುರೀಬೇಕು, ಚೆನ್ನಾಗಿ ಒಡೀತದೆ” ಎಂದು ಪುಕ್ಕಟೆ ಸಲಹೆ ಕೊಟ್ಟು, ಅರ್ಧವನ್ನು ನನ್ನ ಚೀಲಕ್ಕೆ ತುರುಕಿ, ಇನ್ನರ್ಧವನ್ನು ತನ್ನ ಊಟದ ಡಬ್ಬಿಯ ಬ್ಯಾಗಿಗೆ ಹಾಕಿಕೊಂಡ.