ಒಂದೇ ಸುಪ್ರಾ, ಊರಿಗೊಂದು ಗುಣ

ಟೊಯೋಟಾ ಸುಪ್ರಾ ಮೇಲೆ ನನಗಿರುವ ಪ್ರೀತಿ ಪೂರ್ತಿ ಪುಕ್ಕಟೆಯದು. ನಾನೆಲ್ಲಿ ಕೊಂಡುಬಿಡುತ್ತೇನೋ ಎಂಬ ಭಯ ಮನೆಯಲ್ಲಿ ಯಾರಿಗೂ ಇಲ್ಲ. ಹಾಗಾಗಿ 1993ರಲ್ಲಿ ಬಂದ ನಾಲ್ಕನೇ ತಲೆಮಾರಿನ ಸುಪ್ರಾದ ಜಾತಕವನ್ನು ದೇಶವಾರು ಬಿಡಿಸಿ ನೋಡುತ್ತ ಕೂರುವುದಕ್ಕೆ ಅಡ್ಡಿಯಿಲ್ಲ.

ಜಪಾನಿನ ಸುಪ್ರಾದ್ದು ಸಂಕೋಚದ ಸ್ವಭಾವ. ಅಲ್ಲಿನ ಕಾರು ಕಂಪನಿಗಳೆಲ್ಲ ಆಗ ತಮ್ಮತಮ್ಮಲ್ಲೇ ಮಾತಾಡಿಕೊಂಡು 280 ಅಶ್ವಶಕ್ತಿಗೆ ಗೆರೆ ಎಳೆದಿದ್ದವು. ಕಾನೂನಲ್ಲ, ಬರೀ ದೊಡ್ಡಮನುಷ್ಯರ ಒಪ್ಪಂದ. ಎಂಜಿನ್ ಒಳಗೊಳಗೇ ಏನು ಮಾಡಿದರೂ ಸರಿ, ಕಾಗದದಲ್ಲಿ 280. ನಿಸಾನಿನ ಜಿಟಿ-ಆರ್ 280, ಹೋಂಡಾದ ಎನ್‌ಎಸ್‌ಎಕ್ಸ್ 280, ಸುಪ್ರಾನೂ 280. ಬೀದಿಯವರೆಲ್ಲರ ಆದಾಯವೂ ತೆರಿಗೆಯ ಮಿತಿಗೆ ಸರಿಯಾಗಿ ಬಂದು ನಿಂತ ಹಾಗೆ! ಈ ವಿನಯ 2004ರವರೆಗೂ ನಡೆಯಿತು. ಸಾಲದ್ದಕ್ಕೆ, ಗಂಟೆಗೆ 180 ಕಿ.ಮೀ. ಮುಟ್ಟಿದರೆ ಕಾರೇ ‘ಸಾಕು’ ಅನ್ನುತ್ತಿತ್ತು.

ಅದೇ ಮೂರು ಲೀಟರಿನ, ಎರಡು ಟರ್ಬೊಗಳ ಎಂಜಿನ್ ಅಮೆರಿಕದಲ್ಲಿ ಇಳಿದಾಗ 320. ಸಮುದ್ರದ ಗಾಳಿ ಕುಡಿದಲ್ಲ. ಹೊರದೇಶದ ಕಾರಿಗೆ ದೊಡ್ಡ ಇಂಜೆಕ್ಟರು, ಟರ್ಬೊದೊಳಗೆ ಉಕ್ಕಿನ ಚಕ್ರ. ಜಪಾನಿನದಕ್ಕೆ ಸೆರಾಮಿಕ್ ಚಕ್ರ. ಹಗುರ, ಹಾಗಾಗಿ ಬೇಗ ತಿರುಗುತ್ತದೆ. ಒತ್ತಡ ಏರಿಸುತ್ತ ಹೋದರೆ ಮಾತ್ರ ಪುಡಿಪುಡಿ. ಯುರೋಪಿನವರಿಗೆ ಬಾನೆಟ್ ಮೇಲೊಂದು ಗಾಳಿಗಿಂಡಿ, ದೀಪ ತೊಳೆಯಲು ಪಿಚಕಾರಿ. ಶೋಕಿಯೋ ಅಗತ್ಯವೋ, ಆ ಗಿಂಡಿ ನನಗಂತೂ ಇಷ್ಟ.

ಇಷ್ಟೆಲ್ಲ ಕೊಟ್ಟರೂ ಅಮೆರಿಕದವರು ಮನಸ್ಸು ಮಾಡಲಿಲ್ಲ. 1998ಕ್ಕೆ ಅಲ್ಲಿ ಮಾರಾಟವೇ ನಿಂತಿತು. 2001ರಲ್ಲಿ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಸಿನಿಮಾದಲ್ಲಿ ಕಿತ್ತಳೆ ಬಣ್ಣದ ಸುಪ್ರಾ ಹಾರಿದ ಮೇಲೆ ಶುರುವಾಯಿತು ನೋಡಿ ಹುಡುಕಾಟ. 25 ವರ್ಷ ತುಂಬಿದ ಹೊರದೇಶದ ಕಾರನ್ನು ಅಲ್ಲಿ ಸುಲಭವಾಗಿ ತರಿಸಬಹುದು. ಹಾಗಾಗಿ ಈಗ ಜಪಾನಿನ ಆ ಸಂಕೋಚದ ಸುಪ್ರಾವನ್ನೇ ಬಲಗಡೆಯ ಸ್ಟೀರಿಂಗ್ ಸಮೇತ ತರಿಸಿಕೊಳ್ಳುತ್ತಾರೆ. ಆಮೇಲೆ ಬರ್ಗರ್ ಅಂಗಡಿಯ ಕಿಟಕಿಯೆದುರು ಪಕ್ಕದ ಸೀಟಿನ ಮೇಲೆ ಉದ್ದಕ್ಕೆ ಮಲಗಿ ಕೈಚಾಚುತ್ತಾರೆ.

“ಮಾಮ, ಸ್ಟೀರಿಂಗು ನಮ್ಮ ಕಡೆಗೇ ಇದೆಯಲ್ಲ, ನಾವೂ ಒಂದು ತರಿಸಬಹುದು” ಅಂದ ಅಕ್ಕನ ಮಗ.

ನಮ್ಮಲ್ಲಿ ಬಳಸಿದ ಕಾರು ತರಿಸಬೇಕಾದರೆ ಅದಕ್ಕೆ ಮೂರು ವರ್ಷ ಮೀರಿರಬಾರದು. ಅಮೆರಿಕ ಮುದುಕನಾದ ಮೇಲೆ ಬಾ ಅನ್ನುತ್ತದೆ, ನಾವು ಹಾಲುಹಲ್ಲಿರುವಾಗಲೇ ಬಾ ಅನ್ನುತ್ತೇವೆ.

“ದುಡ್ಡಿನ ಪ್ರಶ್ನೆ ಅಲ್ಲ ಕಣೋ, ಕಾನೂನು” ಅಂದೆ. ಸರ್ಕಾರದ ಯಾವ ನಿಯಮವನ್ನೂ ಇಷ್ಟು ಸಂತೋಷದಿಂದ ನಾನು ಒಪ್ಪಿಕೊಂಡದ್ದಿಲ್ಲ.