ಧ್ವಜಸಂಹಿತೆ ಮೇಷ್ಟ್ರು

ಆಗಸ್ಟ್ 15ಕ್ಕೆ ನಮ್ಮ ಕಡೆ ಬಾವುಟ ಹಾರುವುದಿಲ್ಲ, ಕಂಬಕ್ಕೆ ಅಂಟಿಕೊಳ್ಳುತ್ತದೆ. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದವರೆಗೆ ಆ ಹೊತ್ತಿನಲ್ಲಿ ಹಿಡಿದ ಮಳೆ ಬಿಟ್ಟಿರುವುದಿಲ್ಲ. ಹಗ್ಗ ನೆನೆದು ಬಿಗಿದಿರುತ್ತದೆ, ರಾಟೆಗೆ ತುಕ್ಕು ಹಿಡಿದಿರುತ್ತದೆ. ಬಾವುಟದೊಳಗೆ ಇಟ್ಟ ಸೇವಂತಿಗೆ ಎಸಳು ಉದುರುವ ಬದಲು ಒಂದೇ ಮುದ್ದೆಯಾಗಿ ಪಂಚಾಯಿತಿ ಅಧ್ಯಕ್ಷರ ಭುಜದ ಮೇಲೆ ಬೀಳುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ವರ್ಷವಾದರೆ ಹೊರನಾಡು ಕಡೆಯಿಂದ ಬರಬೇಕಾದ ಅತಿಥಿ ಬಂದೇ ಇರುವುದಿಲ್ಲ. ಮಕ್ಕಳು ಕೊಡೆಯಡಿ ನಡುಗುತ್ತ ಲಾಡಿನ ಬುಟ್ಟಿಯನ್ನೇ ನೋಡುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ದನಿ ಬರುತ್ತದೆ: “ಗಂಟು ತಪ್ಪು.”

ಈ ದನಿ ಎಲ್ಲ ಊರಲ್ಲೂ ಒಂದಿರುತ್ತದೆ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಅನ್ನುವವರ ಜಾತಿಯೇ ಬೇರೆ. ಇವರು ರಾಷ್ಟ್ರಧ್ವಜಕ್ಕೇ ಮೀಸಲು. ಕೇಸರಿ ಕೆಳಗಾಯಿತೇ, ಚಕ್ರಕ್ಕೆ 24 ಅರೆಗಳಿವೆಯೇ, ಉದ್ದ ಅಗಲ ಮೂರಕ್ಕೆ ಎರಡರ ಲೆಕ್ಕದಲ್ಲಿದೆಯೇ ಎಂದು ನೋಡುವುದೇ ಇವರ ನಿವೃತ್ತಿ ಜೀವನ. ಕೆಲವರು ಮಾಜಿ ಸೈನಿಕರು, ಕೆಲವರು ಬ್ಯಾಂಕಿನಿಂದ ಬಂದವರು. ನನ್ನ ಪಾಲಿಗೆ ಬಂದವರು ಮೇಷ್ಟ್ರು. ಡ್ರಿಲ್ ಮಾಡಿಸುತ್ತಿದ್ದವರು. ಭಾರತ ಸೇವಾದಳದ ಶಿಬಿರದಲ್ಲಿ ಬಾವುಟ ಮಡಿಸುವುದು, ಗಂಟು ಹಾಕುವುದು, ಇಳಿಸುವುದು ಎಲ್ಲವನ್ನೂ ಕಲಿತು, ಆ ಕಲಿತದ್ದನ್ನು ಇವತ್ತಿಗೂ ಮರೆಯದೆ ನಮ್ಮ ಜೀವ ತಿನ್ನುವವರು. ಸೇವಾದಳ ಕಟ್ಟಿದ ನಾ.ಸು. ಹರ್ಡೀಕರ್ ಅವರ ಹೆಸರು ಬಂದರೆ ಕೂತಲ್ಲಿಂದ ಅರ್ಧ ಏಳುತ್ತಾರೆ. ಪೂರ್ತಿ ಏಳಲು ಮಂಡಿ ಬಿಡುವುದಿಲ್ಲ.

ಅವರ ಸ್ಕೂಟರಿನ ಸದ್ದು ತಿರುವಿನಲ್ಲಿ ಕೇಳಿದರೆ ನಾನು ಕಾಫಿ ಗಿಡದ ಮಧ್ಯೆ ಹೋಗಿ ಚಿಗುರು ತೆಗೆಯುವವನಂತೆ ಬಗ್ಗುತ್ತೇನೆ. ನನಗೆ ಚಿಗುರು ತೆಗೆಯಲು ಬರುವುದಿಲ್ಲ ಎಂಬುದು ನಮ್ಮ ತೋಟದ ಆಳುಗಳಿಗೆಲ್ಲ ಗೊತ್ತಿರುವುದರಿಂದ ಅವರೇ ಕೂಗಿ ಹೇಳುತ್ತಾರೆ, “ಇಲ್ಲೇ ಇದಾರೆ ಮೇಷ್ಟ್ರೇ!” ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಅವರ ಅರ್ಜಿಗಳನ್ನೆಲ್ಲ ಬರೆದುಕೊಡುವವನು ನಾನು. ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ನನ್ನ ಹೆಸರು ಬರುವುದರಿಂದ ತಾಲ್ಲೂಕು ಕಚೇರಿಯಲ್ಲಿ ನನ್ನ ಮಾತು ನಡೆಯುತ್ತದೆ ಎಂದು ಅವರು ನಂಬಿದ್ದಾರೆ. ಅಲ್ಲಿ ನನ್ನನ್ನು ಗುರುತು ಹಿಡಿಯುವುದು ಕ್ಯಾಂಟೀನಿನವನೊಬ್ಬನೇ, ಅದೂ ಬಾಕಿ ಇರುವುದಕ್ಕೆ.

ಶಾಲಿನ ಮಡಿಕೆಯಲ್ಲಿ ಟೇಪು, ಜೇಬಿನಲ್ಲಿ ಜೆರಾಕ್ಸ್ ಮಾಡಿಸಿ ಹೊಲಿದ ಧ್ವಜಸಂಹಿತೆ. 2002ರ ಜನವರಿ 26ರಂದು ಜಾರಿಗೆ ಬಂದದ್ದು. ಅದಕ್ಕೆ ಮುಂಚೆ ನಮ್ಮಂಥವರು ವರ್ಷದ ಯಾವ ದಿನ ಬೇಕಾದರೂ ಮನೆ ಮೇಲೆ ಬಾವುಟ ಹಾರಿಸುವ ಹಾಗಿರಲಿಲ್ಲ ಎಂದು ಅವರು ಹೇಳುವಾಗ, ಆ ಕಾಲ ಮತ್ತೆ ಬಂದರೆ ಒಳ್ಳೆಯದಿತ್ತು ಅನ್ನುವ ಧಾಟಿ ಇರುತ್ತದೆ. ಪಿಕಪ್ ಬಾನೆಟ್ಟಿಗೆ ಬಾವುಟ ಕಟ್ಟಿದವರನ್ನು ನಿಲ್ಲಿಸಿ, “ನೀವು ರಾಜ್ಯಪಾಲರಾ? ಹೈಕೋರ್ಟ್ ಜಡ್ಜಾ?” ಎಂದು ಕೇಳುತ್ತಾರೆ. ಕಾರಿನ ಮೇಲೆ ಹಾರಿಸುವ ಹಕ್ಕು ಪಟ್ಟಿಯಲ್ಲಿ ಇರುವವರಿಗೆ ಮಾತ್ರ; ಶಾಸಕರಿಗೂ ಇಲ್ಲ. ಇದನ್ನು ಅವರು ಒಮ್ಮೆ ಒಬ್ಬ ಶಾಸಕರಿಗೇ ಹೇಳಿದರು. ಆ ವರ್ಷ ನಮ್ಮ ರಸ್ತೆಗೆ ಡಾಂಬರು ಬೀಳಲಿಲ್ಲ.

ಇಷ್ಟಾದರೆ ಅವರು ಬರೀ ಕಿರಿಕಿರಿ. ಆದರೆ ನಮ್ಮ ಪೇಟೆಯ ಸರ್ಕಲ್ಲಿನಲ್ಲಿ ಬಾವುಟ ಈಗ ಬರೀ ಬಟ್ಟೆಯಾಗಿ ಉಳಿದಿಲ್ಲ. ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಕೇಸರಿ, ಈದ್ ಮಿಲಾದಿಗೆ ಹಸಿರು, ಏಪ್ರಿಲ್ 14ಕ್ಕೆ ನೀಲಿ, ನವೆಂಬರ್ ಪೂರ್ತಿ ಹಳದಿ ಕೆಂಪು. ಕಟ್ಟುವುದಕ್ಕೆ ಇರುವ ಹುಮ್ಮಸ್ಸು ಬಿಚ್ಚುವುದಕ್ಕೆ ಯಾರಿಗೂ ಇಲ್ಲ. ಒಬ್ಬರದು ಬಿಚ್ಚದಿದ್ದರೆ ಇನ್ನೊಬ್ಬರದು ಅದಕ್ಕಿಂತ ಒಂದು ಮೊಳ ಮೇಲೆ. ಮೆಸ್ಕಾಂ ಕಂಬ ಮುಗಿದರೆ ಸಿಲ್ವರ್ ಮರ. ಎಲ್ಲಕ್ಕಿಂತ ಮೇಲೆ ತ್ರಿವರ್ಣ ಕಟ್ಟಿಬಿಟ್ಟರೆ ಯಾರೂ ಮುಟ್ಟುವ ಹಾಗಿಲ್ಲ ಎಂಬ ಉಪಾಯವೂ ಈಗ ಎಲ್ಲರಿಗೂ ಗೊತ್ತಾಗಿದೆ. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ 1994ರ ಆಗಸ್ಟ್ 15ರಂದು ಬಾವುಟದ ಹಟ ಗೋಲಿಬಾರಿನವರೆಗೆ ಹೋದದ್ದನ್ನು ಮರೆತಿಲ್ಲ. ಮಂಡ್ಯದ ಕೆರಗೋಡಿನಲ್ಲಿ 2024ರ ಜನವರಿಯಲ್ಲಿ 108 ಅಡಿ ಕಂಬದಿಂದ ಹನುಮಧ್ವಜ ಇಳಿಸಿ ರಾಷ್ಟ್ರಧ್ವಜ ಏರಿಸಿದಾಗ ಊರಿಗೆ ಊರೇ ಎದ್ದು ನಿಂತದ್ದನ್ನು ಟೀವಿಯಲ್ಲಿ ನೋಡಿದ್ದೇವೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನಲ್ಲೇ ಮೀಸೆ ಮೂಡದ ಹುಡುಗರು ಸ್ಕೂಟರಿನಲ್ಲಿ ಪ್ಯಾಲೆಸ್ತೀನಿನ ಬಾವುಟ ಹಿಡಿದು ಹೋಗಿ ಪೊಲೀಸರ ಕೈಗೆ ಸಿಕ್ಕರು. ಅದಕ್ಕೆ ಮೇಷ್ಟ್ರು ಹೇಳಿದ್ದು: “ಬೇರೆ ದೇಶದ ಬಾವುಟಕ್ಕೂ ಕ್ರಮ ಉಂಟು ಮಾರಾಯ. ನಮ್ಮದು ಬಲಗಡೆ ಇರಬೇಕು.”

ಶೃಂಗೇರಿಯ ಕತೆ ಹೇಳದೆ ಅವರು ಯಾರ ಮನೆಯಲ್ಲೂ ಕಾಫಿ ಮುಗಿಸುವುದಿಲ್ಲ. 2020ರ ಆಗಸ್ಟಿನಲ್ಲಿ ಅಲ್ಲಿ ಶಂಕರಾಚಾರ್ಯರ ಪ್ರತಿಮೆಯ ಮಂಟಪದ ಮೇಲೆ ಹಸಿರು ಬಟ್ಟೆಯೊಂದು ಬೆಳಗಾಗುತ್ತಲೇ ಕಂಡು ಪೇಟೆಯೆಲ್ಲ ಕುದಿಯಿತು. ಪೊಲೀಸರು ಸಿಸಿಟಿವಿ ನೋಡಿದರೆ, ಕುಡಿದಿದ್ದವನೊಬ್ಬ ಮಳೆಗೆ ಹೊದ್ದುಕೊಳ್ಳಲು ಮಸೀದಿಯಿಂದ ಎತ್ತಿಕೊಂಡು ಬಂದು ಅಲ್ಲಿ ಎಸೆದು ಹೋಗಿದ್ದ. “ಎಲ್ಲರೂ ಯಾರ ಬಾವುಟ ಅಂತ ಕೇಳಿದ್ರು. ಒಬ್ಬನಾದ್ರೂ ಎಂತ ಬಟ್ಟೆ ಅಂತ ಕೇಳಿದ್ನಾ?” ಮೇಷ್ಟ್ರ ಸಿದ್ಧಾಂತವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಗಣಪತಿ ಹಬ್ಬ, ಈದ್ ಮಿಲಾದ್ ಬೆನ್ನಿಗೆ ಬೆನ್ನು ಬಂದ ಒಂದು ವರ್ಷ ರಾತ್ರಿ ಯಾರೋ ಪಂಚಾಯಿತಿ ಕಂಬಕ್ಕೇ ತಮ್ಮ ಬಾವುಟ ಕಟ್ಟಿದ್ದರು. ಬೆಳಿಗ್ಗೆ ಇನ್ನೊಂದು ಗುಂಪು ತಮ್ಮದನ್ನೂ ಹಿಡಿದು ಬಂತು. ಅಂಗಡಿಗಳು ಅರ್ಧ ಷಟರ್ ಎಳೆದವು. ಎಸ್ಸೈ ಜೀಪಿನಲ್ಲೇ ಕೂತು ಯಾರಿಗೋ ಫೋನ್ ಮಾಡುತ್ತಲೇ ಇದ್ದರು. ಎರಡೂ ಕಡೆ ಮೊಬೈಲುಗಳು ಎದ್ದಿದ್ದವು. ಆಗ ಕೊಡೆ ಹಿಡಿದು ನಡುವೆ ಬಂದ ಮೇಷ್ಟ್ರು ಯಾರ ಮುಖವನ್ನೂ ನೋಡಲಿಲ್ಲ, ಕಂಬವನ್ನು ನೋಡಿದರು.

“ಇದು ರಾಷ್ಟ್ರಧ್ವಜದ ಕಂಬ. ಒಂದೇ ಕಂಬದಲ್ಲಿ ಅದರ ಜೊತೆ ಬೇರೆ ಬಾವುಟ ಹಾರಿಸೋ ಹಾಗಿಲ್ಲ. ಅದಕ್ಕಿಂತ ಎತ್ತರದಲ್ಲಿ, ಅದರ ಪಕ್ಕದಲ್ಲಿ ಸರಿಸಮ ಕೂಡ ಇಲ್ಲ.”

“ಈಗ ರಾಷ್ಟ್ರಧ್ವಜ ಇಲ್ವಲ್ಲ ಮೇಷ್ಟ್ರೇ?” ಎಂದ ಒಬ್ಬ. ಅವರದೇ ಶಿಷ್ಯ.

ಈ ಪ್ರಶ್ನೆ ಕೇಳಬಾರದಿತ್ತು. ಯಾಕೆ ಇಲ್ಲ, ಯಾವಾಗ ಇರಬೇಕು, ಸೂರ್ಯಾಸ್ತಕ್ಕೆ ಇಳಿಸುವ ನಿಯಮಕ್ಕೆ 2022ರ ಜುಲೈನಲ್ಲಿ ಯಾಕೆ ತಿದ್ದುಪಡಿ ಬಂತು ಎಂದು ಶುರುವಾದದ್ದು 1938ಕ್ಕೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ ಈ ಬಾವುಟ ಏರಿಸುವುದೇ ಅಪರಾಧವಾಗಿತ್ತು, ಮದ್ದೂರಿನ ಶಿವಪುರದಲ್ಲಿ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹವಾಯಿತು, ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿಯೇ ಜನ ಗುಂಡು ತಿಂದರು. ಆಗ ನಡುವೆ ಚಕ್ರ ಅಲ್ಲ, ಚರಕ. ಕಡೆಗೆ ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಒಪ್ಪಂದಕ್ಕೆ ಬಂದದ್ದು ಕಾಂಗ್ರೆಸ್ಸಿನ ಬಾವುಟದ ಜೊತೆ ಸಂಸ್ಥಾನದ ಬಾವುಟವೂ ಹಾರಲಿ ಎಂದು. “ಜೊತೆ ಅಂದ್ರೆ ಹೇಗೆ? ಒಂದೇ ಕಂಬದಲ್ಲಾ? ಯೋಚನೆ ಮಾಡಿ!”

ಯಾರೂ ಯೋಚನೆ ಮಾಡಲಿಲ್ಲ. ಮಳೆ ಜೋರಾಯಿತು. ಮೊಬೈಲುಗಳು ಜೇಬು ಸೇರಿದವು. ಎರಡೂ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಆರನೇ ಕ್ಲಾಸಿನಲ್ಲಿ ಇದೇ ದನಿಗೆ ಬಿಸಿಲಲ್ಲಿ ನಿಂತವರು. ಒಬ್ಬ ಬಾವುಟ ಬಿಚ್ಚಿದ, ಇನ್ನೊಬ್ಬ ಹಗ್ಗ ಹಿಡಿದುಕೊಂಡ, “ಸಾಕು ಮೇಷ್ಟ್ರೇ, ಬಿಡಿ” ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಇದರಿಂದ ಊರಲ್ಲಿ ಸೌಹಾರ್ದ ಬಂತು ಎಂದು ಬರೆಯಲು ನನಗೂ ಆಸೆಯಿದೆ. ವಾರದೊಳಗೆ ಸಿಲ್ವರ್ ಮರದ ಮೇಲೆ ಬಣ್ಣಗಳೆಲ್ಲ ವಾಪಸು ಬಂದಿದ್ದವು. ಪಂಚಾಯಿತಿ ಕಂಬ ಮಾತ್ರ ಖಾಲಿ ಉಳಿಯಿತು; ಅದರ ಹತ್ತಿರ ಹೋದರೆ ಮೇಷ್ಟ್ರು ಬಂದಾರೆಂಬ ಭಯ.

ಈಗ ಮೇಷ್ಟ್ರ ಅಟ್ಟದ ಮೇಲಿನ ಬಾವುಟದ ಮೂಟೆಯ ವಿಷಯಕ್ಕೆ ಬರುತ್ತೇನೆ. ಈ ಬರಹ ಶುರು ಮಾಡಿದ್ದೇ ಅದಕ್ಕಾಗಿ.

ಮೇಷ್ಟ್ರು ತಮ್ಮ ಬಾವುಟವನ್ನು ಹುಬ್ಬಳ್ಳಿಯ ಬೆಂಗೇರಿಯಿಂದಲೇ ತರಿಸುವವರು. ಅಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಂಗಸರು ಎಳೆ, ಹೊಲಿಗೆ ಎಲ್ಲ ಅಳತೆಗೆ ಸರಿಯಾಗಿ ಮಾಡುತ್ತಾರೆ. ತಪ್ಪಿದರೆ ಬಾವುಟ ತಿರಸ್ಕೃತ. 2021ರ ಡಿಸೆಂಬರ್ 30ರಂದು ಪಾಲಿಯೆಸ್ಟರಿಗೂ ಮಿಷನ್ ಬಟ್ಟೆಗೂ ಒಪ್ಪಿಗೆ ಸಿಕ್ಕಿದಾಗ ಅವರು ಎರಡು ದಿನ ಮಾತಾಡಲಿಲ್ಲ. ಊರಿಗೆ ಅದೊಂದು ಹಬ್ಬ. ಮುಂದಿನ ಆಗಸ್ಟಿನಲ್ಲಿ ‘ಹರ್ ಘರ್ ತಿರಂಗಾ’ ಬಂತು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ. ಎಸ್ಟೇಟಿನ ಲೈನ್ ಮನೆಗಳಿಂದ ಆಟೋ ಸ್ಟ್ಯಾಂಡಿನವರೆಗೆ ಎಲ್ಲೆಲ್ಲೂ ಬಾವುಟ. ನೋಡಲು ಚೆಂದವೇ ಇತ್ತು. ಮೇಷ್ಟ್ರೂ ಹೌದೆಂದರು, ಆದರೆ ಬೇರೆ ಕಡೆ ನೋಡುತ್ತ.

16ನೇ ತಾರೀಕಿನಿಂದ ಅವರ ಕಷ್ಟ ಶುರು. ಕಟ್ಟಿದವರಿಗೆ ಇಳಿಸಬೇಕೆಂಬುದು ಗೊತ್ತಿಲ್ಲ, ಇಳಿಸಿದವರಿಗೆ ಎಲ್ಲಿಡಬೇಕೆಂಬುದು ಗೊತ್ತಿಲ್ಲ. ಗಾಳಿಗೆ ಹರಿದವು, ಚರಂಡಿ ಪಕ್ಕ ಬಿದ್ದವು, ಪಾಚಿ ಹಿಡಿದವು. ಮೇಷ್ಟ್ರು ಮಳೆಯಲ್ಲೇ ಸ್ಕೂಟರು ಹತ್ತಿ ಒಂದೊಂದನ್ನೇ ಬಿಡಿಸಿ, ತೊಳೆದು, ಅಡುಗೆಮನೆ ತಂತಿಯ ಮೇಲೆ ಒಣಗಿಸಿ, ಮಡಿಸಿ, ಮೂಟೆ ಕಟ್ಟಿ, ಅಟ್ಟದ ಮೇಲೆ ಕಾಳುಮೆಣಸಿನ ಚೀಲದ ಪಕ್ಕ ಇಟ್ಟರು. ಸಂಹಿತೆಯ ಪ್ರಕಾರ ಹರಿದ ಬಾವುಟವನ್ನು ಖಾಸಗಿಯಾಗಿ, ಗೌರವದಿಂದ, ಆದಷ್ಟೂ ಸುಟ್ಟು ವಿಲೇವಾರಿ ಮಾಡಬೇಕು.

“ಬಚ್ಚಲು ಒಲೆಗೆ ಹಾಕ್ತೀನಿ ಅಂದ್ರು ಇವ್ರು,” ಅವರ ಹೆಂಡತಿ ನನ್ನ ಹತ್ತಿರ ದೂರು ಹೇಳಿದರು. “ಬಾವುಟ ಸುಟ್ಟ ನೀರಲ್ಲಿ ಮೀಯೋದಾ? ಮೆಣಸು ಇಡ್ಲಿಕ್ಕೂ ಜಾಗ ಇಲ್ಲ. ನೀವಾದ್ರೂ ಹೇಳಿ.”

ನಾನು ಹೇಳಿದೆ, ಅಂಗಳದಲ್ಲಿ ಸುಟ್ಟುಬಿಡಿ ಮೇಷ್ಟ್ರೇ ಎಂದು. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಗೇಟಿನ ಕಡೆ ನೋಡಿ, ದನಿ ಇಳಿಸಿ ಹೇಳಿದರು, “ಯಾರಾದ್ರೂ ವಿಡಿಯೋ ಮಾಡಿದ್ರೆ?”

ಶಾಸಕರ ಕಾರಿಗೆ ಅಡ್ಡ ನಿಂತವರು, ಎರಡು ಗುಂಪಿನ ನಡುವೆ ಕೊಡೆ ಹಿಡಿದು ಹೋದವರು ಇವರೇ. ಗುಂಪು ಅವರಿಗೆ ಗೊತ್ತು, ಹಳೇ ಶಿಷ್ಯರು. ಆದರೆ ಬಾವುಟಕ್ಕೆ ಬೆಂಕಿ ಇಡುತ್ತಿರುವ ಮುದುಕನ ಹತ್ತು ಸೆಕೆಂಡಿನ ಚಿತ್ರಕ್ಕೆ ಧ್ವಜಸಂಹಿತೆಯ ಜೆರಾಕ್ಸನ್ನು ಯಾರು ಅಂಟಿಸುತ್ತಾರೆ? ಕೆಳಗೆ ಎರಡು ಸಾಲು ಬರೆದರೆ ಮುಗಿಯಿತು. ಚಿಕ್ಕಮಗಳೂರು ತಲುಪುವಷ್ಟರಲ್ಲಿ ಅವರು ದೇಶದ್ರೋಹಿ. ನಾನು ನಗಬೇಕೆಂದಿದ್ದೆ, ಆಗಲಿಲ್ಲ. ಇಷ್ಟು ವರ್ಷ ಈ ಮನುಷ್ಯನ ಗಂಟು, ಅಳತೆಗಳಿಗೆಲ್ಲ ಹಲ್ಲು ಕಚ್ಚಿದವನಿಗೆ, ಊರಿನಲ್ಲಿ ಬಾವುಟವನ್ನು ಬಾವುಟವಾಗಿಯೇ ನೋಡುವವರು ಇವರೊಬ್ಬರೇ ಏನೋ ಅನ್ನಿಸಿಬಿಟ್ಟಿತು. ಆ ಅನ್ನಿಸಿಕೆ ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವರು ನನ್ನ ಗೇಟಿನ ಬಣ್ಣ ಎಲ್ಲೋ ಕೇಸರಿ ಬಿಳಿ ಹಸಿರಿಗೆ ಹತ್ತಿರವಾಗಿದೆ, ಸರಿಯಲ್ಲ ಎಂದರು.

ತೋಟದಲ್ಲಿ ಹೂಳಬಹುದಲ್ಲ, ‘ಬೇರೆ ಗೌರವಯುತ ವಿಧಾನ’ಕ್ಕೂ ಅವಕಾಶ ಇದೆಯಲ್ಲ ಎಂದು ನಾನು ಸಂಹಿತೆಯನ್ನೇ ತೋರಿಸಿದೆ. “ಪಾಲಿಯೆಸ್ಟರ್ ಕೊಳೆಯೋದಿಲ್ಲ ಮಾರಾಯ. ಮುಂದಿನ ವರ್ಷ ಗಿಡದ ಗುಂಡಿ ತೆಗೆಯೋ ಆಳು ಚಕ್ರದ ಸಮೇತ ಹೊರಗೆ ತೆಗೀತಾನೆ.”

ಹೀಗಾಗಿ ಹೊಸದೊಂದು ಅರ್ಜಿ ಬರೆದೆವು, ಅಂದರೆ ಅವರು ಹೇಳಿದರು, ನಾನು ಬರೆದೆ: ಹರಿದ ರಾಷ್ಟ್ರಧ್ವಜಗಳನ್ನು ಖಾಸಗಿಯಾಗಿ ದಹಿಸಲು ಪಂಚಾಯಿತಿಯ ವತಿಯಿಂದ ಒಂದು ಸ್ಥಳ, ಒಬ್ಬ ಅಧಿಕಾರಿ, ಪೊಲೀಸ್ ಬಂದೋಬಸ್ತು, ಹಾಗೂ ತಪ್ಪು ತಿಳುವಳಿಕೆ ಆಗದಂತೆ ಮೈಕಿನಲ್ಲಿ ಪೂರ್ವಪ್ರಚಾರ. ಪಿಡಿಒ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಖಾಸಗಿಯಾಗಿ ಅಂದ್ರೆ ಶಾಮಿಯಾನ ಹಾಕ್ಸೋದಾ ಬೇಡ್ವಾ ಮೇಷ್ಟ್ರೇ?”